ಮೊಬೈಲಿನೊಳಗಿನ ಕಟ್ಟೆ

ನಾನು ಗೋವಾದ ಸಾಂಕೋಲೆಯಲ್ಲಿ ದುಡಿಯುವವನು. 1970ರ ದಶಕದಲ್ಲಿ ಇಲ್ಲಿ ಗೊಬ್ಬರದ ಕಾರ್ಖಾನೆ ಬಂತು. ಕೂಲಿ ಹುಡುಕಿಕೊಂಡು ಬಂದ ನಮ್ಮ ಕಡೆಯ ಜನ ಝುವಾರಿನಗರದಲ್ಲಿ ನೆಲೆ ನಿಂತರು. ಅಲ್ಲಿನ ಓಣಿಗಳಲ್ಲಿ ಕೊಂಕಣಿ, ಹಿಂದಿ ಜೊತೆಗೆ ಬಾಗಲಕೋಟೆ, ವಿಜಯಪುರದ ಮಾತೂ ಕೇಳುತ್ತದೆ. ನಾವಿರೋ ಮನೆ ಚಿಕ್ಕದು, ಅಂಗಳವಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯ್ತು. ಶಾಲೆ ಮುಚ್ಚಿತು, ಪಾಠ ಮೊಬೈಲಿಗೆ ಬಂತು. ಪಾಠ ಮುಗಿದರೂ ನಮ್ಮಣ್ಣನ ಮಗ ಮೊಬೈಲ್ ಕೆಳಗಿಡುತ್ತಿರಲಿಲ್ಲ. ಬರೀ ಪಬ್‌ಜಿ. ಒಂದು ದಿನ ಜೋರಾಗಿ ಬೈದೆ. "ಕಾಕಾ, ಊರಾಗಿನ ಹುಡುಗ್ರೆಲ್ಲಾ ಇಲ್ಲೇ ಸಿಗ್ತಾರ" ಅಂದ. ಕಿವಿಗೊಟ್ಟೆ. ಗುಂಡಿನ ಸದ್ದಿನ ನಡುವೆ ಯಾರೋ ಕೇಳ್ತಿದ್ದ: "ನಿಮ್ಮಲ್ಲಿ ಮಳಿ ಆತೇನಲೇ?"

ಇಂಥ ಲೋಕಗಳ ಚರಿತ್ರೆ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಮಡ್' ಎಂಬ ಆಟ ಕಟ್ಟಿದರು. ಅದರಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಆದರೂ ಹಲವರು ಒಟ್ಟಿಗೆ ಒಂದೇ ಲೋಕದೊಳಗೆ ಓಡಾಡಬಹುದಿತ್ತು. 2005ರಲ್ಲಿ ಕೆನಡಾದಲ್ಲಿ ಮಕ್ಕಳಿಗಾಗಿಯೇ 'ಕ್ಲಬ್ ಪೆಂಗ್ವಿನ್' ಬಂತು, ಮರುವರ್ಷ ಅಮೆರಿಕದಲ್ಲಿ 'ರೋಬ್ಲಾಕ್ಸ್'. ನಮ್ಮಲ್ಲಿ 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಬಡವರ ಮನೆಗೂ ಆ ಬಾಗಿಲು ತೆರೆಯಿತು. 2018ರಲ್ಲಿ ಮೊಬೈಲಿಗೆ ಬಂದ ಪಬ್‌ಜಿಯಲ್ಲಿ ನೂರು ಮಂದಿ ಒಂದೇ ದ್ವೀಪಕ್ಕೆ ಇಳಿಯುತ್ತಾರೆ. ಆಡುತ್ತಾ ಮಾತೂ ಆಡಬಹುದು. ಹುಡುಗರನ್ನು ಹಿಡಿದದ್ದು ಬಂದೂಕಿನಷ್ಟೇ ಆ ಮಾತು ಅಂತ ನನಗನ್ನಿಸುತ್ತದೆ.

ಆದರೆ ಆ ಕಟ್ಟೆಗೆ ಒಡೆಯನಿದ್ದಾನೆ. ಕ್ಲಬ್ ಪೆಂಗ್ವಿನನ್ನು ಡಿಸ್ನಿ ಕಂಪನಿ 2007ರಲ್ಲಿ ಕೊಂಡಿತು, 2017ರಲ್ಲಿ ಮುಚ್ಚಿತು. ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಮ್ಮ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಆಟ ಪೂರ್ತಿ ನಿಂತಿತು. ಪೀಡೆ ತೊಲಗಿತು ಅಂತ ನಾವು ದೊಡ್ಡವರು ಹಿಗ್ಗಿದೆವು. ಹುಡುಗ ಆ ರಾತ್ರಿ ಉಣ್ಣಲಿಲ್ಲ. ನಮಗೆ ಹೋದದ್ದು ಒಂದು ಆಟ, ಅವನಿಗೆ ಹೋದದ್ದು ಊರಿನ ಕಟ್ಟೆ.

ಮುಂದಿನ ವರ್ಷ ಅದೇ ಆಟ ಬೇರೆ ಹೆಸರಲ್ಲಿ ಬಂತು, ಅವನೂ ಮರಳಿದ. ಕಣ್ಣು, ನಿದ್ದೆ, ಓದು ಕೆಡುತ್ತದೆ ಅನ್ನೋದು ಸುಳ್ಳಲ್ಲ. ಅದಕ್ಕೇ ಹೊತ್ತು ಗೊತ್ತು ಮಾಡಿದೆವು, ರಜೆಯಲ್ಲಿ ಊರಿಗೂ ಕಳಿಸಿದೆವು. ಅಲ್ಲಿದ್ದಷ್ಟು ದಿನ ಮೊಬೈಲ್ ಮೂಲೆಯಲ್ಲೇ ಇತ್ತಂತೆ.

ಮೇಷ್ಟ್ರೇ, ಅಕ್ಕಂದಿರೇ, ಮೊಬೈಲ್ ಕಸಿದುಕೊಳ್ಳುವ ಮುಂಚೆ ಒಂದು ಮಾತು ಕೇಳಿ: "ಅಲ್ಲಿ ಯಾರು ಸಿಗ್ತಾರಪ್ಪಾ?" ಅವರು ಇಲ್ಲೇ ಸಿಗಲು ನಾವೊಂದು ಬಯಲು ಉಳಿಸಿದ್ದೇವಾ ಅಂತ ನಮ್ಮನ್ನೂ ಕೇಳಿಕೊಳ್ಳೋಣ.