ಕೆಂಪು ಡಾಲ್ಫಿನ್ನು, ಕರೀ ಬಾನೆಟ್ಟು

ನಮ್ಮ ಸದಾಶಿವನಗರದ ಮನೆ ಹಿಂದಿನ ಶೆಡ್ಡಲ್ಲಿ ನೀಲಿ ಟಾರ್ಪಾಲು ಹೊದ್ಕಂಡು 14 ವರ್ಷ ಕೂತಿದ್ದ ಚಿಕ್ಕಪ್ಪನ ಕಾರು ಈಗ ಅಂಗಳಕ್ಕೆ ಬಂದೈತೆ. ಹಾಲು ತರಕ್ಕೆ ಹೋಗೋರು, ವಾಕಿಂಗ್ ಹೋಗೋರು ಎಲ್ಲಾರೂ ಗೇಟ್ ಹತ್ರ ನಿಂತು, "ಇದ್ಯಾವ ಗಾಡಿ ಕಣ್ರೀ, ಪ್ಲಾಸ್ಟಿಕ್ ಥರ ಐತಲ್ಲ" ಅಂತ ಕೇಳ್ತಾನೇ ಇದೀರ. ಒಬ್ಬೊಬ್ಬರಿಗೂ ನಿಂತು ಹೇಳ್ತಾ ಹೋದ್ರೆ ಒಲೆ ಮೇಲಿನ ಸಾರು ಸೀದೋಗುತ್ತೆ. ಅದಕ್ಕೆ ಕೂತು ಬರೀತಿದೀನಿ.

ಈ ಕಾರಿನ ಹೆಸರು ಡಾಲ್ಫಿನ್. ಬೆಂಗಳೂರಲ್ಲೇ ತಯಾರಾದ ಗಾಡಿ. ಚಿಕ್ಕಪ್ಪ 1991ರಲ್ಲಿ ಸೆಕೆಂಡ್‌ಹ್ಯಾಂಡ್ ತಂದಿದ್ರು. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ ಅದನ್ನ ಮಾರ್ಲೂ ಇಲ್ಲ, ಗುಜರಿಗೂ ಹಾಕ್ಲಿಲ್ಲ. ಹೋದ ವರ್ಷ ಅವರ ಮಗ, ನನ್ನ ತಮ್ಮ, ಟಾರ್ಪಾಲು ತೆಗೆದ. ಮನೇಲಿ ರಗಳೆ ಶುರುವಾಗಿದ್ದೇ ಅವತ್ತು.

ತಮ್ಮ ಮೊಬೈಲಲ್ಲಿ ಒಂದು ಫೋಟೋ ಇಟ್ಕಂಡಿದ್ದ. ಟಾಪಿಲ್ಲ, ಬಾಗಿಲಿಲ್ಲ, ಹಿಂದೆ ದಪ್ಪ ಚಕ್ರ, ಮೈತುಂಬ ಮಿರಿಮಿರಿ ಬಣ್ಣ. ಬೀಚ್ ಬಗ್ಗಿ ಅಂತೆ. "ಡಾಲ್ಫಿನ್ನಿನ ಟಾಪ್ ಕೊಯ್ದು ಹಿಂಗೇ ಮಾಡ್ಸಣ ಅಕ್ಕ" ಅಂದ. ಚಿಕ್ಕಮ್ಮ ಒಳಗಿಂದ್ಲೇ, "ತುಮಕೂರಲ್ಲಿ ಸಮುದ್ರ ಎಲ್ಲೈತಪ್ಪ, ಅಮಾನಿಕೆರೆ ಏರಿ ಮೇಲೆ ಓಡಿಸ್ತೀಯಾ?" ಅಂದ್ರು. ಗ್ಯಾರೇಜಿನ ಮೇಸ್ತ್ರಿ ಬಂದು ನೋಡಿ, "ಕಂಪನಿಯಿಂದ ಹೊರಗೆ ಬಂದಾಗ ಹೆಂಗಿತ್ತೋ ಹಂಗೆ ಮಾಡಿ, ಬೆಲೆ ಬರುತ್ತೆ" ಅಂದ. ಚಿಕ್ಕಮ್ಮಂದು ಒಂದೇ ಮಾತು: "ನಿಮ್ಮಪ್ಪ ಹೆಂಗಿಟ್ಟಿದ್ರೋ ಹಂಗಿರ್ಲಿ." ಮೂರು ಜನ, ಮೂರು ದಾರಿ. ಯಾವುದು ಸರಿ ಅಂತ ನಂಗೂ ಗೊತ್ತಾಗ್ಲಿಲ್ಲ. ಹಂಗಾಗಿ ಈ ಬಗ್ಗಿ ಅನ್ನೋದು ಎಲ್ಲಿಂದ ಬಂತು ಅಂತ ಹುಡುಕಿ ಓದಕ್ಕೆ ಕೂತೆ.

ಬಗ್ಗಿಗಿಂತ ಮುಂಚೆ ಹಾಟ್ ರಾಡ್ ಅಂತ ಒಂದು ಬಂದಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಿಂದಲೇ ಹುಡುಗರು ಹಳೇ ಫೋರ್ಡ್ ಕಾರುಗಳನ್ನ ಅಗ್ಗಕ್ಕೆ ತಂದು, ಮಡ್‌ಗಾರ್ಡು, ಬಂಪರು, ಬೇಡದ್ದನ್ನೆಲ್ಲ ಬಿಚ್ಚಿ ಹಗುರ ಮಾಡಿ, ಎಂಜಿನ್ನಿಗೆ ಕೈಹಾಕಿ ಜೋರು ಮಾಡೋರು. 1932ರ ಫೋರ್ಡ್ ಅಂದ್ರೆ ಅವರಿಗೆ ಪಂಚಪ್ರಾಣ. ಕೆರೆ ಒಣಗಿ ಬಯಲಾದ ಜಾಗದಲ್ಲಿ ಓಡಿಸಿ ಯಾರು ಮುಂದೆ ಅಂತ ನೋಡೋರು. ಇದಕ್ಕೆ ಅಂತಲೇ 1937ರಲ್ಲಿ ಒಂದು ಸಂಘ ಕಟ್ಟಿಕೊಂಡ್ರು. ದುಡ್ಡಿರೋರು ಹೊಸ ಕಾರು ತಗೋತಿದ್ರು, ಇಲ್ಲದೋರು ಹಳೇದನ್ನೇ ಕೈಯಾರೆ ತಿದ್ದಿಕೊಳ್ತಿದ್ರು. ನಮ್ಮಮ್ಮ ಹಳೇ ಸೀರೆ ಕತ್ತರಿಸಿ ನಮಗೆ ಲಂಗ ಹೊಲಿದಂಗೆ ಅಂದ್ಕಳಿ.

ಅದೇ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ ಅಂತ ಒಬ್ಬರಿದ್ರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬದುಕಿ ಬಂದೋರು. ಆಮೇಲೆ ಫೈಬರ್ ಗ್ಲಾಸಿನ ದೋಣಿ ಮಾಡೋ ಕೆಲಸ ಕಲಿತ್ರು. ಫೈಬರ್ ಅಂದ್ರೆ ನಮಗೆ ಹೊಸದೇನಲ್ಲ ಕಣ್ರೀ. ಹಳೇ ಮೊರಕ್ಕೆ ನಮ್ಮಜ್ಜಿ ಕಾಗದ ನೆನೆಸಿ, ಮೆಂತ್ಯ ಹಾಕಿ ರುಬ್ಬಿ ಬಳೀತಿದ್ರಲ್ಲ, ಒಣಗಿದ ಮೇಲೆ ಕಲ್ಲಿನಂಗೆ ಆಗ್ತಿತ್ತಲ್ಲ, ಉಪಾಯ ಅದೇ. ಕಾಗದದ ಜಾಗದಲ್ಲಿ ಗಾಜಿನ ಎಳೆಯ ಹಾಸು, ಮೆಂತ್ಯದ ಜಾಗದಲ್ಲಿ ರೆಸಿನ್ ಅನ್ನೋ ಅಂಟು. ಅಚ್ಚಿನೊಳಗೆ ಪದರ ಪದರವಾಗಿ ಬಳಿದು ಒಣಗಿಸಿ ತೆಗೆದ್ರೆ ದೋಣಿ. ದೋಣಿ ಆಗೋದು ಕಾರಿನ ಮೈ ಯಾಕಾಗಬಾರದು ಅಂತ ಮೇಯರ್ಸ್ 1964ರಲ್ಲಿ ಮೊದಲ ಬಗ್ಗಿ ಮಾಡಿದ್ರು. ಅದಕ್ಕೆ ಮೇಯರ್ಸ್ ಮ್ಯಾಂಕ್ಸ್ ಅಂತ ಹೆಸರು.

ಮೊದಲ ಕೆಲವು ಬಗ್ಗಿ ಆದಮೇಲೆ ಅವರು ಇನ್ನೂ ಸುಲಭದ ದಾರಿ ಹುಡುಕಿದ್ರು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳವನ್ನ ನಡುವೆ ಸುಮಾರು 36 ಸೆಂಟಿಮೀಟರ್ ಕೊಯ್ದು ಗಿಡ್ಡ ಮಾಡಿ, ಮೇಲೆ ಈ ಫೈಬರ್ ಮೈ ಕೂರಿಸೋದು. ಎಂಜಿನ್ನು, ಗೇರು ಎಲ್ಲ ಬೀಟಲ್‌ದೇ. ಮನೆ ಹಿತ್ತಲಲ್ಲೇ ಜೋಡಿಸ್ಕಬಹುದಿತ್ತು. 1967ರಲ್ಲಿ ಮೇಯರ್ಸ್ ಮತ್ತು ಅವರ ಗೆಳೆಯ ಮೆಕ್ಸಿಕೋದ ಬಾಹಾ ಮರುಭೂಮೀಲಿ ಲಾ ಪಾಸಿನಿಂದ ತಿಹುವಾನಾಕ್ಕೆ 34 ಗಂಟೆ 45 ನಿಮಿಷದಲ್ಲಿ ಬಗ್ಗಿ ಓಡಿಸಿ, ಬೈಕಿನವರ ದಾಖಲೆ ಮುರಿದ್ರು. ಆಮೇಲೆ ಎಲ್ಲಾರ್ಗೂ ಬಗ್ಗಿ ಬೇಕಾಯ್ತು. ಕಂಡಕಂಡವರೆಲ್ಲ ಅದರ ಅಚ್ಚು ತೆಗೆದು ನಕಲು ಮಾಡಿ ಮಾರಿದ್ರು. ಮೇಯರ್ಸ್ ಕೋರ್ಟಿಗೆ ಹೋಗಿ ಸೋತ್ರು, ಸ್ವಂತ ಕಂಪನೀನೂ ಬಿಟ್ಟು ಹೊರಗೆ ಬಂದ್ರು. ಅವರು ಮಾಡಿದ್ದು ಐದಾರು ಸಾವಿರ, ಲೋಕದಲ್ಲಿ ನಕಲು ಲಕ್ಷಗಟ್ಟಲೆ. 2021ರಲ್ಲಿ, 94ನೇ ವಯಸ್ಸಲ್ಲಿ ತೀರಿಕೊಂಡ್ರು.

ಇದನ್ನ ಓದಿ ತಮ್ಮನ ಮುಖ ಅರಳಿತು. "ನೋಡಕ್ಕ, ಕೊಯ್ದೇ ಅಲ್ವಾ ಮಾಡಿದ್ದು" ಅಂದ. ನಿಜವೇ. ಆದರೆ ಬೀಟಲ್ ಕಾರು ಲೋಕದಲ್ಲಿ ಒಟ್ಟು 2 ಕೋಟಿ 15 ಲಕ್ಷ ತಯಾರಾಗಿತ್ತು. ಗುದ್ದಿಸಿಕೊಂಡು ಮೂಲೆ ಸೇರಿದ ಬೀಟಲ್ ಒಂದನ್ನ ಕೊಯ್ದರೆ ಕಳ್ಕಳೋದು ಏನೂ ಇರ್ಲಿಲ್ಲ. ನಮ್ಮ ಡಾಲ್ಫಿನ್ ಕಥೆ ಬೇರೆ.

ನಮ್ಮ ಬೆಂಗಳೂರಿನ ಸಿಪಾನಿ ಕಂಪನಿಯವರು 1970ರ ದಶಕದಲ್ಲೇ ಫೈಬರ್ ಮೈ ಮಾಡ್ತಿದ್ರು. ಕಂಪನಿಗೆ ಮೊದಲಿದ್ದ ಹೆಸರು ಸನ್‌ರೈಸ್. ಮೊದಲು ಬಾದಲ್ ಅಂತ ಮೂರು ಚಕ್ರದ ಗಾಡಿ ತಂದ್ರು. ಮುಂದೆ ಒಂದು ಚಕ್ರ, ಹಿಂದೆ ಎರಡು, ಎಂಜಿನ್ನೂ ಹಿಂದೇನೇ. ಆಮೇಲೆ ಇಂಗ್ಲೆಂಡಿನ ಟ್ಯಾಮ್‌ವರ್ತಿನ ರಿಲಯಂಟ್ ಕಂಪನಿ ಕೈಲಿ ಲೈಸೆನ್ಸ್ ತಗೊಂಡು, ಅವರ ಕಿಟನ್ ಅನ್ನೋ ಸಣ್ಣ ಕಾರನ್ನ ಇಲ್ಲಿ ಡಾಲ್ಫಿನ್ ಅಂತ 1982ರಿಂದ ಮಾಡಿದ್ರು. ಅಂಬಾಸಡರ್ರು, ಫಿಯೆಟ್ಟು ಬಿಟ್ರೆ ಬೇರೆ ಕಾರು ಕಾಣೋದೇ ಅಪರೂಪ ಆಗಿದ್ದ ಕಾಲ ಅದು. ಡಾಲ್ಫಿನ್ನಿಗೆ ಕಬ್ಬಿಣದ ಚಾಸಿ, ಫೈಬರ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು. ಅಂಬಾಸಡರ್ ಒಂದು ಟನ್ನಿಗೂ ಜಾಸ್ತಿ ತೂಗೋದು, ಇದರ ತೂಕ ಅದರ ಅರ್ಧದ ಆಸುಪಾಸು.

ಹಗುರ ಇದ್ದಿದ್ದಕ್ಕೆ ರೇಸಿನವರು, ರ್‍ಯಾಲಿಯವರು ಇದನ್ನ ಇಷ್ಟಪಟ್ರು. ಮದ್ರಾಸಿನ ಹತ್ರ ಶೋಳವರಂನಲ್ಲಿ, ಯುದ್ಧಕಾಲದ ಹಳೇ ವಿಮಾನದ ಪಟ್ಟಿ ಮೇಲೆ ನಡೀತಿದ್ದ ರೇಸಲ್ಲೂ ಡಾಲ್ಫಿನ್ ಓಡೈತೆ. ಮನೆಮಂದಿಗೆ ಮಾತ್ರ ಒಗ್ಗಲಿಲ್ಲ. ಕಾರಣ ಗಂಡಸರು ಏನೇನೋ ಹೇಳ್ತಾರೆ, ನಾನು ಹೇಳ್ತೀನಿ ಕೇಳಿ: ಅದಕ್ಕೆ ಎರಡೇ ಬಾಗಿಲು. ಸೀರೆ ಉಟ್ಟೋರು ಮುಂದಿನ ಸೀಟು ಬಗ್ಗಿಸಿ, ನೆರಿಗೆ ಹಿಡ್ಕಂಡು, ತಲೆ ತಗ್ಗಿಸಿ ಹಿಂದಕ್ಕೆ ನುಗ್ಗಬೇಕಿತ್ತು. ಕೈಯಲ್ಲಿ ಮಗು, ಬುತ್ತಿ ಇದ್ರೆ ಮುಗೀತು. 1983ರ ಡಿಸೆಂಬರಲ್ಲಿ ಮಾರುತಿ 800 ಬಂತು, ಎಡಬಲ ನಾಕು ಬಾಗಿಲು. ಸಿಪಾನಿಯವರೂ ಆಮೇಲೆ ನಾಕು ಬಾಗಿಲಿನ ಮೊಂಟಾನ ಮಾಡಿದ್ರು, ಅಷ್ಟರಲ್ಲಿ ಊರೆಲ್ಲ ಮಾರುತಿ ಆಗಿತ್ತು. ಹಂಗಾಗಿ ಡಾಲ್ಫಿನ್ನು ರಸ್ತೆ ಮೇಲೆ ಕಾಣಿಸೋದೇ ನಿಂತೋಯ್ತು. ಈಗ ಉಳಿದಿರೋ ಒಂದನ್ನ ಕೊಯ್ದರೆ ಇನ್ನೊಂದು ಎಲ್ಲಿಂದ ತರೋದು?

ಕಾನೂನೂ ಬಿಡಲ್ಲ. ಗಾಡಿ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸೋಹಂಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳೈತೆ. 2021ರಲ್ಲಿ ಬಂದ ವಿಂಟೇಜ್ ಗಾಡಿ ನಿಯಮದಲ್ಲೂ ಅಷ್ಟೆ: 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನು ಬದಲಾಗಿರಬಾರದು. ಮೊದಮೊದಲ ಡಾಲ್ಫಿನ್ನುಗಳಿಗೆ 50 ತುಂಬೋದೇ 2032ಕ್ಕೆ. ಟಾಪ್ ಕೊಯ್ದರೆ ಆ ಬಾಗಿಲೂ ಮುಚ್ಚಿದಂಗೆ. ತಮ್ಮ ಎರಡು ದಿನ ಮುಖ ಊದಿಸ್ಕಂಡಿದ್ದು, ಆಮೇಲೆ ಬಗ್ಗಿ ಆಸೆ ಬಿಟ್ಟ.

ಉಳಿದಿದ್ದು ಎರಡು ದಾರಿ. ಕಂಪನಿಯ ಹಂಗಾ, ಚಿಕ್ಕಪ್ಪನ ಹಂಗಾ?

ಚಿಕ್ಕಪ್ಪ ರ್‍ಯಾಲಿ ಓಡಿಸ್ದೋರಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ನಡೆದಾಗ ರಸ್ತೆ ಬದೀಲಿ ನಿಂತು ನೋಡ್ದೋರು. ಆ ಹುಚ್ಚಿಗೆ ಡಾಲ್ಫಿನ್ನಿಗೆ ಕೆಂಪು ಬಣ್ಣ ಹೊಡೆಸಿ, ಬಾನೆಟ್ಟಿಗೆ ಮಾತ್ರ ಹೊಳಪಿಲ್ಲದ ಕಪ್ಪು ಬಳಿಸಿದ್ರು. ಬಿಸಿಲು ಬಾನೆಟ್ಟಿಗೆ ಬಡಿದು ಕಣ್ಣು ಕುಕ್ಕಬಾರದು ಅಂತ ರ್‍ಯಾಲಿಯವರು ಮಾಡ್ತಿದ್ದ ಉಪಾಯ ಅದು. ಮುಂದೆ ಎರಡು ದುಂಡನೆ ಲೈಟು, ಜೊತೆಗೆ ಡಬಡಬ ಅನ್ನೋ ಒಂದು ಸೈಲೆನ್ಸರ್ರು. ಅಜ್ಜಿಗೆ ಹಿಂದಿನ ಸೀಟಿಗೆ ಹತ್ತಕ್ಕೆ ಆಗ್ತಿರ್ಲಿಲ್ಲ ಅಂತ ಬಾಗಿಲ ಒಳಗೆ ಒಂದು ಹಿತ್ತಾಳೆ ಹಿಡಿ ಕೂರಿಸಿದ್ರು, ಯಾವುದೋ ಹಳೇ ಬೀರುವಿಂದು. ಎಡೆಯೂರಿಗೆ ಹೋದ್ರೂ, ಸಿದ್ಧಗಂಗೆ ಜಾತ್ರೆಗೆ ಹೋದ್ರೂ ಅಜ್ಜಿ ಆ ಹಿಡಿ ಬಿಡ್ತಿರ್ಲಿಲ್ಲ. ಮೇಸ್ತ್ರಿ ಪ್ರಕಾರ ಇವೆಲ್ಲ ಕೆಡಿಸಿದ ಕೆಲಸ, ಮೊದಲು ಕಿತ್ತಾಕಬೇಕಾದ್ದು.

ಅವನ ಮಾತು ನಂಗೂ ಸರಿ ಅನಿಸಿತ್ತು. ಮನಸ್ಸು ಬದಲಾಗಿದ್ದು ಎರಡು ವಿಷಯ ತಿಳಿದ ಮೇಲೆ. ಅಮೆರಿಕದ ಪೆಬಲ್ ಬೀಚಲ್ಲಿ ಹಳೇ ಕಾರುಗಳ ದೊಡ್ಡ ಪ್ರದರ್ಶನ ನಡೆಯುತ್ತೆ. ಒಂದು ಸ್ಕ್ರೂ ಬೇರೆ ಇದ್ರೂ ಮೂಗು ಮುರಿಯೋ ಜಾಗ. ಅಲ್ಲಿ 1997ರಲ್ಲಿ ಹಳೇ ಹಾಟ್ ರಾಡುಗಳಿಗೆ ಅಂತಲೇ ಒಂದು ವಿಭಾಗ ಮಾಡಿದ್ರು. ಫೋರ್ಡ್ ಕಂಪನಿ ಮಾಡಿದಂಗಲ್ಲ, ಆ ಕಾಲದ ಹುಡುಗರು ತಿದ್ದಿದಂಗೆ ಉಳಿಸಿದ ಕಾರುಗಳಿಗೆ ಅಲ್ಲಿ ಬಹುಮಾನ. 2014ರಲ್ಲಿ ಅಮೆರಿಕದ ಚಾರಿತ್ರಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಎರಡನೇ ಗಾಡಿಯಾಗಿ ಸೇರಿದ್ದು ಯಾವುದು ಗೊತ್ತಾ? ಮೇಯರ್ಸ್ ಮಾಡಿದ ಮೊದಲನೇ ಕೆಂಪು ಬಗ್ಗಿ. ಅಂದ್ರೆ ಬಳಸಿದವರ ಕೈಗುರುತೂ ಚರಿತ್ರೆ ಅಂತ ಅವರು ಒಪ್ಪಿಕೊಂಡ್ರು.

ನಮ್ಮನೇಲಿ ಒಂದು ತಪ್ಪು ಮೊದಲೇ ಆಗಿತ್ತು, ಅದೂ ನೆನಪಿಗೆ ಬಂತು. ಅಜ್ಜಿಯ ಅಡ್ಡಿಕೆ ಸವೆದೈತೆ, ಕೊಂಡಿ ಒಂದು ಬೇರೆ ಥರ ಐತೆ ಅಂತ ಕರಗಿಸಿ ಹೊಸ ನಮೂನೆ ಮಾಡಿಸಿದ್ವಿ. ಚಿನ್ನ ಅಷ್ಟೇ ಐತೆ. ಆದ್ರೆ ಆ ಬೇರೆ ಕೊಂಡಿ ಬರಗಾಲದ ವರ್ಷ ಒತ್ತೆ ಬಿಡಿಸ್ಕಂಡು ಬಂದಾಗ ಹಾಕಿಸಿದ್ದು ಅಂತ ದೊಡ್ಡಮ್ಮ ಹೇಳಿದ್ದು ಕರಗಿಸಿದ ಮೇಲೆ. ಈಗ ತೋರಿಸಕ್ಕೆ ಏನೂ ಇಲ್ಲ.

ಹಂಗಾಗಿ ಚಿಕ್ಕಮ್ಮನ ಮಾತೇ ನಡೀತು. ಫೈಬರಿಗೆ ತುಕ್ಕು ಹಿಡಿಯಲ್ಲ, ಆದ್ರೆ ಮೇಲಿನ ಪದರ ಜೇಡರ ಬಲೆ ಥರ ಬಿರುಕು ಬಿಟ್ಟಿತ್ತು. ನಿಜವಾದ ತುಕ್ಕು ಕೆಳಗಿನ ಚಾಸಿಗೆ. ಬಾಡಿ ಎತ್ತಿ, ಚಾಸಿ ತಿಕ್ಕಿಸಿ, ಕೊಳೆತ ಕಡೆ ಹೊಸ ತಗಡು ಬೆಸುಗೆ ಹಾಕಿಸಿದ್ವಿ. ಬಿರುಕನ್ನ ಉಜ್ಜಿ, ಗಾಜಿನ ಹಾಸು ಇಟ್ಟು ರೆಸಿನ್ ಬಳಿದ್ರು. ರೆಸಿನ್ನಿಗೆ ಹಾರ್ಡ್ನರ್ ಹಾಕೋದು ಮೈಸೂರುಪಾಕಿನ ಪಾಕ ಹಿಡಿದಂಗೇ. ಕಮ್ಮಿ ಆದ್ರೆ ಗಟ್ಟಿಯಾಗಲ್ಲ, ಜಾಸ್ತಿ ಆದ್ರೆ ಕಾದು ಹೊಗೆ ಏಳುತ್ತೆ. ಉಜ್ಜೋವಾಗ ಬರೋ ಧೂಳು ಮಾತ್ರ ಕೆಟ್ಟದ್ದು. ಮೂಗಿಗೆ ಮಾಸ್ಕು, ಕೈತುಂಬ ಬಟ್ಟೆ ಬೇಕೇ ಬೇಕು, ಆ ಬಟ್ಟೆಯನ್ನ ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ. ನಾನು ಹಾಕಿ ಎರಡು ದಿನ ಎಲ್ಲಾರೂ ಕೆರ್ಕಂಡ್ವಿ.

ಉಜ್ಜಿದಾಗ ಕೆಂಪಿನ ಕೆಳಗೆ ಕಂಪನಿಯ ಬಿಳಿ ಬಣ್ಣ ಕಾಣ್ತು. ಡಿಕ್ಕಿಯ ಒಳಮೂಲೇಲಿ ಅಂಗೈಯಗಲ ಆ ಬಿಳೀನ ಹಂಗೇ ಬಿಟ್ಟಿದೀವಿ. ಹೊರಗೆ ಮತ್ತೆ ಕೆಂಪು, ಬಾನೆಟ್ಟು ಕಪ್ಪು. ಆರ್‌ಸಿಯಲ್ಲೂ ಕೆಂಪು ಅಂತಲೇ ಐತೆ, ಚಿಕ್ಕಪ್ಪ ಆವಾಗ್ಲೇ ಬರೆಸಿದ್ರು. ದುಂಡು ಲೈಟಿಗೆ ಮುಚ್ಚಳ ಹಾಕಿದೀವಿ, ರಸ್ತೇಲಿ ಉರಿಸಲ್ಲ. ಸೈಲೆನ್ಸರ್ ಮಾತ್ರ ಬದಲಾಯಿಸಿದ್ವಿ. ಪಕ್ಕದ ಮನೇಲಿ ಮೂರು ತಿಂಗಳ ಕೂಸು ಐತೆ, ಚಿಕ್ಕಪ್ಪ ಇದ್ದಿದ್ರೂ ಬದಲಾಯಿಸ್ತಿದ್ರು. ತಮ್ಮ ಇವತ್ತಿನ ಎಲ್‌ಇಡಿ ಪಟ್ಟಿ ಹಾಕಿಸ್ತೀನಿ ಅಂದಾಗ ಚಿಕ್ಕಮ್ಮ ಬೇಡ ಅಂದ್ರು.

ಒಂದು ಮಾತು ನಿಮಗೆಲ್ಲ. ಮನೆ ಯಜಮಾನರ ಹೆಸರಲ್ಲಿ ಗಾಡಿ ಇದ್ದು ಅವರು ತೀರಿಕೊಂಡ್ರೆ, 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, 3 ತಿಂಗಳೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. 15 ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಬೇಕು. ನಾವು ದುಃಖದಲ್ಲಿ ಮರೆತ್ವಿ, ತಡ ಮಾಡಿದ್ದಕ್ಕೆ ದಂಡ ಕಟ್ಟಿದ್ವಿ. ಈಗ ಆರ್‌ಸಿಯಲ್ಲಿ ಚಿಕ್ಕಮ್ಮನ ಹೆಸರು ಐತೆ.

ಹೋದ ಸೋಮವಾರ ಎಡೆಯೂರಿಗೆ ಹೋಗಿ ಬಂದ್ವಿ. ತಮ್ಮ ಓಡಿಸಿದ, ನಾನು ಮುಂದೆ. ಚಿಕ್ಕಮ್ಮ ಹಿಂದಿನ ಸೀಟಿಗೆ ಹತ್ತುವಾಗ ಆ ಹಿತ್ತಾಳೆ ಹಿಡಿ ಹಿಡ್ಕಂಡ್ರು. ಅವರಿಗೂ ಈಗ ಮಂಡಿ ನೋವು. ಕುಣಿಗಲ್ ಕೆರೆ ದಾಟೋವರೆಗೂ ಕೈ ಬಿಡ್ಲಿಲ್ಲ.