ಕೇಳಿದ್ದನ್ನೇ ಎಷ್ಟು ಸಲ ಕೇಳೋದು? ಯುಪಿಐ ಕಲಿಸಿದ ಕ್ಯಾಶಿಂಗ್ ಪಾಠ

ಒಂದೇ ಮಾಹಿತಿ ನಮ್ಮ ವೆಬ್ ಅಪ್ಲಿಕೇಶನ್‌ನ ನಾಲ್ಕು ಕಡೆ ಬೇಕು ಅಂದ್ಕೊಳ್ಳಿ. ನಾಲ್ಕೂ ಭಾಗ ಬೇರೆ ಬೇರೆಯಾಗಿ ಎಪಿಐ ಕರೀಬೇಕಾ, ಒಮ್ಮೆ ತಂದು ಹಂಚ್ಕೋಬೇಕಾ? ಈ ಪ್ರಶ್ನೆಗೆ ಮುಂಬೈಯಲ್ಲೇ ಒಂದು ಇತಿಹಾಸ ಇದೆ.

ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಎನ್‌ಪಿಸಿಐ ಹುಟ್ಟಿದ್ದು 2008ರಲ್ಲಿ. 2016ರ ಏಪ್ರಿಲ್ 11ರಂದು ರಘುರಾಮ್ ರಾಜನ್ ಮುಂಬೈಯಲ್ಲಿ ಯುಪಿಐಗೆ ಚಾಲನೆ ಕೊಟ್ಟರು. ಮುಂದೆ ವಡಾ ಪಾವ್ ಗಾಡಿಯಿಂದ ಮಾಟುಂಗಾದ ಉಡುಪಿ ಹೋಟೆಲ್‌ವರೆಗೂ ಕ್ಯೂಆರ್ ಕೋಡ್ ಬಂತು.

2025ರ ಏಪ್ರಿಲ್ 12, ಶನಿವಾರ, ಯುಪಿಐ ಕೈಕೊಟ್ಟಿತು. ಚಿಲ್ಲರೆ ಇಟ್ಟುಕೊಳ್ಳೋ ಅಭ್ಯಾಸವನ್ನೇ ಬಿಟ್ಟವರು ಅಂಗಡಿ ಮುಂದೆ ನಿಂತುಬಿಟ್ಟರು. ಎನ್‌ಪಿಸಿಐ ಕಂಡುಕೊಂಡ ಕಾರಣ ನಮ್ಮಂಥವರು ಗಮನಿಸಬೇಕಾದದ್ದು: ‘ಆ ವ್ಯವಹಾರ ಏನಾಯ್ತು?’ ಅಂತ ಕೇಳೋ ಎಪಿಐಗೆ ಕೆಲವು ಬ್ಯಾಂಕುಗಳಿಂದ ವಿಚಾರಣೆಗಳ ಪ್ರವಾಹವೇ ಬಂದಿತ್ತು. ಹಳೇ ವ್ಯವಹಾರಗಳನ್ನೂ ಮತ್ತೆ ಮತ್ತೆ ಕೇಳ್ತಿದ್ದರು.

ಆಮೇಲೆ ನಿಯಮ ಬಿಗಿಯಾಯಿತು. 2025ರ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ಗ್ರಾಹಕರು ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು. ಮೊಬೈಲ್ ನಂಬರಿಗೆ ಸೇರಿದ ಖಾತೆಗಳ ಪಟ್ಟಿಯನ್ನು 25 ಸಲ. ಜೊತೆಗೆ ಇನ್ನೊಂದು ಜಾಣ ಸೂಚನೆ: ಪಾವತಿ ಯಶಸ್ವಿಯಾದಾಗ ಉಳಿದ ಬ್ಯಾಲೆನ್ಸನ್ನೂ ಬ್ಯಾಂಕೇ ತಿಳಿಸಬೇಕು. ಅಲ್ಲಿಗೆ ಇನ್ನೊಂದು ಕರೆ ಉಳಿಯಿತು. ಅದೇ ಆಗಸ್ಟ್‌ನಲ್ಲಿ ಯುಪಿಐ ವ್ಯವಹಾರಗಳು ಮೊದಲ ಬಾರಿಗೆ ತಿಂಗಳಿಗೆ 2000 ಕೋಟಿ ದಾಟಿದವು.

ನಮ್ಮ ಕೋಡ್‌ಗೆ ಇದನ್ನ ಹೀಗೆ ತರಬಹುದು. ಬ್ಯಾಂಕುಗಳ ಪಟ್ಟಿ ದಿನಾ ಬದಲಾಗಲ್ಲ; ಒಂದು ದಿನ ಕ್ಯಾಶ್‌ನಲ್ಲಿಟ್ಟರೂ ನಡೆಯುತ್ತೆ. ಬ್ಯಾಲೆನ್ಸ್ ಹಾಗಲ್ಲ, ಪಾವತಿ ಆದ ಕೂಡಲೇ ಹಳೇದನ್ನ ಅಳಿಸಿ, ಉತ್ತರದ ಜೊತೆ ಬಂದ ಹೊಸದನ್ನೇ ಸ್ಟೋರ್‌ಗೆ ಹಾಕಿ, ಎಲ್ಲ ಪುಟಗಳೂ ಅಲ್ಲಿಂದಲೇ ಓದಲಿ. ‘ಇನ್ನೂ ಬಾಕಿ ಇದೆ’ ಅನ್ನೋ ಸ್ಥಿತಿಯನ್ನ ಕೊನೇ ಉತ್ತರ ಅಂತ ಇಟ್ಟುಕೊಳ್ಳಬೇಡಿ. ಅಂತರ ಹೆಚ್ಚಿಸ್ತಾ ಕೆಲವೇ ಸಲ ಕೇಳಿ. ಎರಡು ಪುಟ ಒಟ್ಟಿಗೇ ಕೇಳಿದರೆ ಹೊರಟಿರೋ ಒಂದೇ ಕರೆಗೆ ಇಬ್ಬರೂ ಕಾಯಲಿ. ಕ್ಯಾಶ್ ಕೀಲಿಯಲ್ಲಿ ಖಾತೆಯ ಗುರುತು ಇರಲಿ, ಲಾಗೌಟ್ ಆದಾಗ ಎಲ್ಲಾ ಅಳಿಸಿಹೋಗಲಿ. ಇಲ್ಲದಿದ್ದರೆ ಒಬ್ಬರ ಬ್ಯಾಲೆನ್ಸ್ ಇನ್ನೊಬ್ಬರಿಗೆ ಕಾಣಿಸೀತು.

ನಿಮ್ಮ ಆ್ಯಪ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು, ಒಂದೇ ವಿಳಾಸಕ್ಕೆ ಎಷ್ಟು ಕರೆ ಹೋಗ್ತಿದೆ ಅಂತ ಇವತ್ತೇ ಎಣಿಸಿ ನೋಡಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.