ಹಳೇ ಪತ್ರಗಳಲ್ಲಿ ನಮ್ಮ ಹಿರಿಯರ ಹೆಜ್ಜೆ

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಊರಿನ ಇತಿಹಾಸ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ಆಗಲಿ ಎಂದೆ. ಮನೆಗೆ ಬಂದ ಮೇಲೆ ಏನು ಬರೆಯುವುದು ಎಂಬ ಚಿಂತೆ ಹತ್ತಿತು. ನಮ್ಮೂರಲ್ಲಿ ಕೋಟೆಯಿಲ್ಲ, ಶಿಲಾಶಾಸನವಿಲ್ಲ, ರಾಜರು ಈ ದಾರಿಯಲ್ಲಿ ಹೋದದ್ದಕ್ಕೂ ಗುರುತಿಲ್ಲ. ಆದರೆ ಹೆಚ್ಚುಕಡಿಮೆ ಎಲ್ಲರ ಮನೆಯ ಅಟ್ಟದ ಮೇಲೂ ಒಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿರುವ ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿಗಳೇ ನಮ್ಮ ಶಾಸನಗಳು.

ಪತ್ರ ಓದುವ ಈ ಹುಚ್ಚು ನನಗೆ ಅಂಟಿದ್ದು ಸಂಘದ ಬಾಗಿಲಲ್ಲೇ. ಸಂಘ ಶುರುವಾದ ಹೊಸತು. ಮುಳುಗಡೆ ಕೇರಿಯ ಒಬ್ಬ ಅಜ್ಜಿ ಬಟ್ಟೆ ಗಂಟು ಹಿಡಿದು ಸಾಲಕ್ಕೆ ಬಂದರು. ಬಿಚ್ಚಿ ನೋಡಿದರೆ ಎಲ್ಲವೂ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಜಮೀನಿನ ಪತ್ರಗಳು. "ಅಜ್ಜೀ, ನೀರೊಳಗಿನ ಗದ್ದೆಗೆ ಸಾಲ ಕೊಡೋದು ಹೆಂಗೆ?" ಎಂದರು ಅಲ್ಲಿದ್ದವರು. ಅಜ್ಜಿ ಎದ್ದು ಹೋಗಲಿಲ್ಲ. "ಸಾಲ ಕೊಡದಿದ್ರೆ ಬಿಡಿ. ಮೇಷ್ಟ್ರೇ, ನೀವು ಓದಿಯಾದ್ರೂ ಹೇಳಿ" ಎಂದು ನನ್ನ ಕಡೆ ತಿರುಗಿದರು.

ಓದಿದೆ. ಚಕ್ಕುಬಂದಿ ಹೀಗಿತ್ತು: ಮೂಡಲು ದೇವಸ್ಥಾನದ ಗದ್ದೆ, ಪಡುವಲು ಹಳ್ಳ, ತೆಂಕಲು ಊರಿಗೆ ಹೋಗುವ ಗಾಡಿದಾರಿ, ಬಡಗಲು ಪಕ್ಕದ ಮನೆಯವರ ಸೊಪ್ಪಿನಬೆಟ್ಟ. ನಾನು ಒಂದೊಂದು ದಿಕ್ಕು ಓದಿದಂತೆ ಅಜ್ಜಿ, "ಆ ಹಳ್ಳದಾಗೇ ನಾವು ಬಟ್ಟೆ ಒಗೀತಿದ್ವಿ, ಆ ದಾರೀಲೇ ನನ್ನ ದಿಬ್ಬಣ ಬಂದಿದ್ದು" ಎಂದು ಹೇಳುತ್ತಾ ಹೋದರು. ಭೂಪಟದಲ್ಲಿ ಇಲ್ಲದ ಊರು ಆ ಛಾಪಾ ಕಾಗದದ ಮೇಲೆ ನಾಲ್ಕು ದಿಕ್ಕಿನ ಸಮೇತ ಇತ್ತು.

ಹೊಸ ತಲೆಮಾರಿನವರಿಗಾಗಿ ಒಂದು ಮಾತು. ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದರು. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಸಾಗರ, ಹೊಸನಗರ ತಾಲ್ಲೂಕುಗಳ ಊರೂರುಗಳು ಮುಳುಗಿದವು. ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು! ಜನ ಜಿಲ್ಲೆಯ ಬೇರೆಬೇರೆ ಕಡೆ ಕಾಡು ಕಡಿದು ಮನೆ ಕಟ್ಟಿಕೊಂಡರು. ನಾಡಿಗೆಲ್ಲಾ ದೀಪ ಹತ್ತಿತು. ಅವರಲ್ಲಿ ಹಲವರಿಗೆ ಅರ್ಧ ಶತಮಾನ ಕಳೆದರೂ ಹೊಸ ಜಾಗದ ಹಕ್ಕುಪತ್ರ ಕೈಗೆ ಬಂದಿರಲಿಲ್ಲ. ನಾವು ಮುಳುಗಡೆಯವರೇ ಎಂದು ತೋರಿಸಲು ಬೇಕಾಗುವುದು ಆ ಹಳೇ ಪತ್ರ, ಇಲ್ಲವೇ ಭೂಸ್ವಾಧೀನದ ಐತೀರ್ಪಿನ ನಕಲು. ಯಾರ ಖಾತೆ, ಎಷ್ಟು ಗುಂಟೆ, ಎಷ್ಟು ಅಡಿಕೆ ಮರ, ಮನೆ ಎಂಥದ್ದು ಎಂಬುದೆಲ್ಲಾ ಐತೀರ್ಪಿನಲ್ಲಿ ಬರೆದಿರುತ್ತದೆ.

ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಇವರನ್ನು "ಬಂದವರು" ಎನ್ನುತ್ತಿದ್ದರು. ನಮ್ಮ ತಂದೆಯವರೂ ಎನ್ನುತ್ತಿದ್ದರು. ಜಾತ್ರೆ ಲೆಕ್ಕದ ಸಭೆಯಲ್ಲಿ ಒಮ್ಮೆ, "ನಮ್ಮದು ಮೂಲ ಮನೆತನ, ಬಂದವರ ಮಾತು ಇಲ್ಲಿ ನಡೆಯಕೂಡದು" ಎಂದು ಎದ್ದು ನಿಂತಿದ್ದರು. ಅಜ್ಜಿಯ ಗಂಟು ಓದಿದ ಮೇಲೆ ನಾನು ನಮ್ಮದೇ ಪೆಟ್ಟಿಗೆ ಇಳಿಸಿದೆ. ತಳದಲ್ಲಿ ಗೆದ್ದಲು ತಿಂದ ಒಂದು ಕ್ರಯಪತ್ರ ಸಿಕ್ಕಿತು. ಶಕವರ್ಷದ ಅಂಕಿ ಹೋಗಿತ್ತು, ಬಹುಧಾನ್ಯ ಸಂವತ್ಸರ ಎಂಬುದು ಮಾತ್ರ ಉಳಿದಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ಲ. ಹಾಗಾಗಿ ಅದು 1878 ಆಗಬಹುದು, 1938 ಆಗಬಹುದು. ಪತ್ರದಲ್ಲಿ ಸರ್ವೆ ನಂಬರು ಇಲ್ಲ, ಎಕರೆ ಗುಂಟೆ ಇಲ್ಲ, ನೋಂದಣಿ ಮೊಹರು ಇಲ್ಲ. ಖಂಡುಗದ ಬಿತ್ತನೆ ಲೆಕ್ಕ ಇದೆ. ಆದ್ದರಿಂದ 1878 ಎಂದೇ ನನ್ನ ತೀರ್ಮಾನ. ಕೊಂಡವರು ನಮ್ಮ ಹಿರಿಯರು. ಅವರ ಹೆಸರಿನ ಹಿಂದೆ ಬರೆದದ್ದು: "ಪೂರ್ವದಲ್ಲಿ ಚಿತ್ರದುರ್ಗ ಸೀಮೆಯವರಾಗಿ ಹಾಲಿ ಈ ಗ್ರಾಮದಲ್ಲಿ ವಾಸವಾಗಿರುವ".

ಅದಕ್ಕೆ ಹಿಂದಿನ ಎರಡು ವರ್ಷ ಧಾತು, ಈಶ್ವರ ಸಂವತ್ಸರಗಳು. 1876ರಿಂದ 78ರವರೆಗಿನ ಆ ಬರ ಬಯಲುಸೀಮೆಯನ್ನು ನುಂಗಿತು. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಖಾನೇಷುಮಾರಿಗೆ 42 ಲಕ್ಷದ ಒಳಕ್ಕೆ ಇಳಿದಿತ್ತು. ನಮ್ಮ ಮುತ್ತಜ್ಜನ ಅಪ್ಪ ಹೊಟ್ಟೆ ಹಿಡಿದುಕೊಂಡು ಮಳೆ ಇರುವ ಕಡೆಗೆ ಬಂದವರು ಎಂದೇ ನಾನು ತಿಳಿದಿದ್ದೇನೆ. ಅಂದರೆ ನಾವೂ ಬಂದವರೇ! ತಂದೆಯವರು ಬದುಕಿದ್ದಾಗ ಇದನ್ನು ತೋರಿಸುವ ಧೈರ್ಯ ನನಗೆ ಬರಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಪತ್ರ ಓದುವಾಗ ಕೊಟ್ಟವರು, ಕೊಂಡವರ ಹೆಸರಿಗೇ ನಿಲ್ಲಬೇಡಿ. ಸಾಕ್ಷಿ ಹಾಕಿದವರ ಊರು ನೋಡಿ. ದೂರದ ಊರಿನ ಸಾಕ್ಷಿ ಎಷ್ಟೋ ಸಲ ಭಾವಮೈದುನನೋ ದಾಯಾದಿಯೋ ಆಗಿರುತ್ತಾನೆ. ಮನೆತನ ಎಲ್ಲಿಂದ ಬಂತು ಎಂಬ ಸುಳಿವು ಅಲ್ಲಿರುತ್ತದೆ. ಕೊನೆಯಲ್ಲಿ ಬಿಕ್ಕಲಂ ಎಂದು ಬರೆದವನ ಹೆಸರು ಇರುತ್ತದೆ. ಪಾಲುಪಟ್ಟಿಯಲ್ಲಿ ಐದಾಣೆ ನಾಲ್ಕು ಪೈ ಹಿಸ್ಸೆ ಎಂದಿದ್ದರೆ ರೂಪಾಯಿಯ ಮೂರನೇ ಒಂದು ಭಾಗ. ಮೂರು ಜನ ಅಣ್ಣತಮ್ಮಂದಿರು ಎಂದು ಲೆಕ್ಕ ಹಾಕಿ. ಸರ್ವೆ ನಂಬರಿನ ಮುಂದೆ 1, 2, 3 ಎಂದು ಹಿಸ್ಸೆ ಒಡೆದಿರುವುದೂ ಒಂದು ರೀತಿಯ ವಂಶವೃಕ್ಷವೇ. ಪತ್ರ ಕಳೆದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. 1908ರ ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿಯ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತದೆ.

ಆದರೆ ಪತ್ರ ಎಲ್ಲರ ಕಥೆ ಹೇಳುವುದಿಲ್ಲ, ಇದನ್ನು ಮರೆಯಬಾರದು. ಹೆಣ್ಣುಮಕ್ಕಳು ಕಾಣಿಸುವುದು ಗಂಡ ಸತ್ತು ಮೈನರ್ ಮಕ್ಕಳ ಪರವಾಗಿ ಹೆಬ್ಬೆಟ್ಟು ಒತ್ತುವಾಗ, ಇಲ್ಲವೇ ತವರಿನ ಹಕ್ಕು ಬಿಟ್ಟುಕೊಡುವಾಗ. ಆ ಖುಲಾಸೆ ಪತ್ರದಲ್ಲಿ ಗಂಡನ ಊರು ಇರುವುದರಿಂದ ಯಾವ ಊರಿಗೆ ಕೊಟ್ಟಿದ್ದರು ಎಂದಾದರೂ ತಿಳಿಯುತ್ತದೆ. ಗೇಣಿದಾರರದು ಅದಕ್ಕಿಂತ ಕಷ್ಟ. ಮೂರು ತಲೆಮಾರು ಉತ್ತವನಿಗೂ ಅವನ ಹೆಸರಿನ ಒಂದು ಚೂರು ಕಾಗದ ಇರುತ್ತಿರಲಿಲ್ಲ. ನಮ್ಮ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದದ್ದು ಸುಮ್ಮನೆ ಅಲ್ಲ. ಇಂಥ ಮನೆಗಳವರು ಹಳೇ ಪಹಣಿಯ 12ನೇ ಕಾಲಂ, ಅಂದರೆ ಸಾಗುವಳಿದಾರರ ಹೆಸರು ನೋಡಬೇಕು. 1974ರ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗೆ ಹಾಕಿದ 7ನೇ ನಮೂನೆ ಅರ್ಜಿ ಹುಡುಕಬೇಕು. ಮುಳುಗಡೆಯಾದ ಗೇಣಿದಾರರಿಗೆ ಈ ಎರಡನೆಯದೂ ಇಲ್ಲ. ಕಾನೂನು ಬರುವ ಹೊತ್ತಿಗೆ ಅವರ ಗದ್ದೆ ಹತ್ತು ವರ್ಷದಿಂದ ನೀರಿನಡಿ ಇತ್ತು.

ಅಜ್ಜಿ ಈಗಿಲ್ಲ. ಗಂಟು ಮೊಮ್ಮಗನ ಹತ್ತಿರ ಇದೆ. ಒಂದು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಾವಿಬ್ಬರೂ ಪತ್ರ ಹಿಡಿದು ಆ ಜಾಗಕ್ಕೆ ಹೋಗಿದ್ದೆವು. ಹಳ್ಳ ಸಿಕ್ಕಿತು, ಗಾಡಿದಾರಿ ಸಿಕ್ಕಿತು. ದೇವಸ್ಥಾನದ ಗದ್ದೆ ಯಾವುದೆಂದು ಮಾತ್ರ ಗೊತ್ತಾಗಲಿಲ್ಲ, ಎಲ್ಲಾ ಒಂದೇ ಕೆಸರು.

ಪಹಣಿ ಕಂಪ್ಯೂಟರಿಗೆ ಹೋಯಿತು, ಇನ್ನು ಇವು ಯಾಕೆ ಎಂದು ಹಳೇ ಕಾಗದಗಳನ್ನು ಒಲೆಗೆ ಹಾಕಿದವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಹಾಕಬೇಡಿ, ಪ್ಲಾಸ್ಟಿಕ್ ಅಂಟಿಸಿ ಲ್ಯಾಮಿನೇಷನ್ನೂ ಮಾಡಿಸಬೇಡಿ. ಭಾನುವಾರ ಸಂಜೆ ನಾನು ಸಂಘದ ಜಗಲಿಯಲ್ಲಿರುತ್ತೇನೆ. ತಂದರೆ ಓದಿ ಹೇಳುತ್ತೇನೆ, ಮೋಡಿ ಅಕ್ಷರ ಒಂದು ಬಿಟ್ಟು.